ಹುಲಗಪ್ಪನ್ನ ಮೊದಲ ಕೊಯ್ರಿ

ಪಿಎಸ್‌ಐ ದುರಗಪ್ಪನ ಮೊಬೈಲನ್ನು ಮೇಜಿನ ಮೇಲಿಟ್ಟು, ಆವಾಜು ಪೂರ್ತಿ ಏರಿಸಿ, ಬೆರಳಿನಿಂದ ಒತ್ತಿದ. ಹೊರಬಂದದ್ದು ದುರಗಪ್ಪನದೇ ದನಿ.

“ಏ ರಿಯಾಜ, ನಾಳಿ ಲಗೂ ಬಾರೋ. ಹುಲಗಪ್ಪನ್ನ ಮೊದಲ ಕೊಯ್ರಿ. ಹೊಟ್ಟಿ ಕೊಯ್ರಿ, ಬಾಯಿ ಮುಟ್ಟಬ್ಯಾಡ್ರಿ. ಕೆಂಪ ಹೆಂಗ ಬರ್ತೈತಿ ನೋಡ್ರಿ. ಹಸಿ ಇದ್ರ ಹಿಂದಿನ ಕಟ್ಟಿ ಮ್ಯಾಲ ಹರವ್ರಿ, ಸಂಜಿಕ ತಾಡಪಾಲ ಹೊಚ್ಚರಿ. ಮಗಾ ಗಿಗಾ ಬಂದ ಕೇಳಿದ್ರ ನನಗ ಕೇಳಂತ ಹೇಳ್ರಿ.”

ಅದರ ಕೆಳಗೆ ರಿಯಾಜನ ಉತ್ತರ, ಅದೂ ದನಿಯಲ್ಲೇ. “ಕೊಯ್ದೇವಿ ಕಾಕಾ. ಭಾಳ ಛಲೋ ಕೆಂಪ ಅದಾನ.”

ಪಿಎಸ್‌ಐ ಎದುರಿನ ಬಾಕಿನ ಮೇಲೆ ಕೂತ ದುರಗಪ್ಪನ ಮುಖವನ್ನೇ ನೋಡುತ್ತ ಇನ್ನೊಮ್ಮೆ ಒತ್ತಿದ. ಎರಡನೇ ಸಲ ಕೇಳುವಾಗ ದುರಗಪ್ಪನಿಗೆ ತನ್ನ ದನಿಯ ಬಗ್ಗೆ ತನಗೇ ಹೆದರಿಕೆ ಬಂತು. ಎಷ್ಟ ತಣ್ಣಗ ಹೇಳ್ಯಾನ ನೋಡು ಮಗಾ, ಅನಿಸಿತು.

ಹೆಬ್ಬಳ್ಳಿಯ ಹುಲಗಪ್ಪ ಎಂಬ ರೈತ ಸೋಮವಾರ ಮಧ್ಯಾಹ್ನದಿಂದ ಕಾಣೆ. ಇವತ್ತು ಗುರುವಾರ. ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಅವನ ಮಗ ಹನಮೇಶ ನಿನ್ನೆ ಸ್ಟೇಶನ್ನಿಗೆ ಬಂದು ಬರೆದುಕೊಟ್ಟಿದ್ದ. ಹುಲಗಪ್ಪನ ಮೊಬೈಲು ಬಂದ್ ಆಗಿದೆ, ಅದರಿಂದ ಕಡೆಯ ಕರೆ ಹೋದದ್ದು ದುರಗಪ್ಪನಿಗೆ. ಅದೂ ಸಾಲದೆಂಬಂತೆ ಸೋಮವಾರ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಇಬ್ಬರೂ ಅಂಗಿ ಹಿಡಿಯುವಷ್ಟು ಜಗಳಾಡಿದ್ದನ್ನು ಚಹಾದಂಗಡಿಯವನಿಂದ ಹಿಡಿದು ಎಲ್ಲರೂ ನೋಡಿದ್ದರು. ಬೆಳಿಗ್ಗೆ ಏಳಕ್ಕೆ ಜೀಪು ದುರಗಪ್ಪನ ಬಾಗಿಲಿಗೆ ಬಂತು.

ದುರಗಪ್ಪ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಹಮಾಲ. ಒಂಬತ್ತು ಜನರ ತಂಡಕ್ಕೆ ಮುಕಾದಮ. ಅಲ್ಲಿಯ ಮಾತೇ ಬೇರೆ. ಮಾಲಿಗೆ ನಂಬರು ಇರುತ್ತದೆ, ಚೀಟಿ ಇರುತ್ತದೆ, ಆದರೆ ಯಾವ ಹಮಾಲನೂ ನಂಬರು ಹೇಳುವುದಿಲ್ಲ. ರೈತನ ಹೆಸರೇ ಮಾಲಿನ ಹೆಸರು. ಹುಲಗಪ್ಪ ಎಂದರೆ ಹುಲಗಪ್ಪ ತಂದ ಇಪ್ಪತ್ತೆರಡು ಚೀಲ ಬ್ಯಾಡಗಿ ಮೆಣಸಿನಕಾಯಿ. ಹುಲಗಪ್ಪನ್ನ ಕೊಯ್ಯುವುದೆಂದರೆ ಚೀಲದ ಹೊಟ್ಟೆಗೆ ಚಾಕು ಹಾಕಿ, ವ್ಯಾಪಾರಿಗೆ ತೋರಿಸಲು ಒಂದು ಬೊಗಸೆ ಕಾಯಿ ತೆಗೆಯುವುದು. ಬಾಯಿ ಮುಟ್ಟಬಾರದು, ಯಾಕೆಂದರೆ ಬಾಯಿ ಬಿಚ್ಚಿದರೆ ಮತ್ತೆ ಹೊಲಿಯಬೇಕು. ಹೀಗೆ ದಿನಾ ಅಲ್ಲಿ ಇಪ್ಪತ್ತು ಮೂವತ್ತು ಜನರನ್ನು ಕೊಯ್ಯುತ್ತಾರೆ, ಹರವುತ್ತಾರೆ, ಲಾರಿಗೆ ಒಗೆಯುತ್ತಾರೆ, ಮಂದಿ ಎದುರಿಗೇ ನಿಂತು ಚಹಾ ಕುಡಿಯುತ್ತಿರುತ್ತಾರೆ.

ಇದನ್ನೆಲ್ಲ ದುರಗಪ್ಪ ಬೆಳಗಿನಿಂದ ಮೂರು ಸಲ ಹೇಳಿದ್ದ. ಪಿಎಸ್‌ಐ ಚಾಮರಾಜನಗರದ ಕಡೆಯವನು, ಬಂದು ತಿಂಗಳೂ ಆಗಿಲ್ಲ.

“ಮೆಣಸಿನಕಾಯಿಗೆ ಹೊಟ್ಟೆ ಎಲ್ಲಯ್ಯಾ ಇರುತ್ತೆ?” ಅಂದ.

“ಚೀಲಕ್ಕ ಇರ್ತೈತ್ರಿ.”

“ಕೆಂಪಗೆ ‘ಅದಾನೆ’ ಅಂತಾನಲ್ಲ. ಚೀಲ ಗಂಡಸಾ?”

ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಹವಾಲ್ದಾರ ಏಕನಾಥ ಧಾರವಾಡದವನೇ. ಅವನಿಗೆ ಅರ್ಧ ತಿಳಿದಿತ್ತೆಂದು ಮುಖವೇ ಹೇಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಸಾಹೇಬ ತಪ್ಪು ದಾರಿ ಹಿಡಿದಾಗ ಹಿಂದೆ ಹಿಂದೆ ನಡೆಯುವವನಿಗೆ ನೌಕರಿಯಲ್ಲಿ ತ್ರಾಸಿಲ್ಲ.

ಬಾಕಿನ ಆ ತುದಿಗೆ ಹನಮೇಶ ಕೂತಿದ್ದ. ಮೂರು ದಿನದ ಗಡ್ಡ, ಕಾರ್ಖಾನೆಯ ನೀಲಿ ಅಂಗಿ. ಯಾರ್ಡಿಗೆ ಒಮ್ಮೆಯೂ ಬಂದವನಲ್ಲ, ಮಾಲು ಮಾರುವುದೆಲ್ಲ ಅಪ್ಪನದು. ಆ ದನಿ ಎರಡನೇ ಸಲ ಕೇಳಿದ ಮೇಲೆ ಅವನು ದುರಗಪ್ಪನ ಕಡೆ ಹೊರಳಿ, ಸಿಟ್ಟಿಲ್ಲದೆ ಕೇಳಿದ.

“ಕಾಕಾ, ನಮ್ಮಪ್ಪ ಎಲ್ಲಿ ಅದಾನ ಅಷ್ಟ ಹೇಳು. ನಾ ಯಾರಿಗೂ ಏನೂ ಅನ್ನೂದಿಲ್ಲ.”

ಪಿಎಸ್‌ಐಯ ಗದರಿಕೆಗಿಂತ ಈ ಮಾತು ದುರಗಪ್ಪನನ್ನು ಅಲ್ಲಾಡಿಸಿತು. ಎದುರಿಗೆ ನಿಜವಾಗಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಎಲ್ಲಿಯೋ ಹಳ್ಳದಲ್ಲಿ ಬಿದ್ದಿದ್ದರೆ? ಹಾಗೇನಾದರೂ ಆಗಿದ್ದರೆ ಈ ದನಿ, ಈ ಮಾತು ಹಿಡಿದು ಇವರು ತನ್ನನ್ನು ಒಳಗೆ ಹಾಕುವುದು ಖಂಡಿತ. ಒಳಗೆ ಹೋದ ಹಮಾಲನ ಪರವಾಗಿ ಯಾವ ವಕೀಲ ಓಡಿಬರುತ್ತಾನೆ? ಅವನು ಹೊರಗೆ ಬರುವಷ್ಟರಲ್ಲಿ ತಂಡಕ್ಕೆ ಬೇರೆ ಮುಕಾದಮ ಬಂದಿರುತ್ತಾನೆ.

ಅದರಲ್ಲೂ ಇನ್ನೊಂದು ತೊಡಕಿತ್ತು. ದುರಗಪ್ಪನ ಟ್ರಂಕು.

ಅವನ ಮನೆಯಲ್ಲಿ ದೇವರ ಮಾಡದ ಕೆಳಗೆ ತಗಡಿನ ಟ್ರಂಕಿನ ತುಂಬ ಕೊಲೆ, ದರೋಡೆ, ಪತ್ತೇದಾರಿ ಕಾದಂಬರಿಗಳು. ಈ ಹುಚ್ಚು ಹತ್ತಿದ್ದು ಹಮಾಲರ ಮುಷ್ಕರದಲ್ಲಿ. ಇಪ್ಪತ್ತು ವರ್ಷದ ಹಿಂದೆ ಯಾರ್ಡಿನ ಗೇಟಿನ ಮುಂದೆ ಚಪ್ಪರ ಹಾಕಿ ಕೂತಿದ್ದರು. ಮೂರನೇ ದಿನಕ್ಕೆ ಭಾಷಣ ಕೇಳಿ ಕೇಳಿ ಮಂದಿ ಒಬ್ಬೊಬ್ಬರಾಗಿ ಜಾರತೊಡಗಿದರು. ಯಾರೋ ಬಸ್‌ಸ್ಟ್ಯಾಂಡಿನಿಂದ ತಂದಿದ್ದ ಒಂದು ಕಾದಂಬರಿಯನ್ನು ಏಳನೇ ಇಯತ್ತೆ ಓದಿದ ದುರಗಪ್ಪನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಅಂದರು. ಓದಿದ. ಬ್ಯಾಂಕು ಲೂಟಿ ಮಾಡಿದ ಕಳ್ಳರ ಗಾಡಿ ಶುರುವಾಗದೆ, ಕಟ್ಟಿಹಾಕಿದ್ದ ಮ್ಯಾನೇಜರನನ್ನೇ ಬಿಚ್ಚಿ ಗಾಡಿ ನೂಕಿಸುವ ಪ್ರಸಂಗ. ಚಪ್ಪರದ ಮಂದಿ ಬಿದ್ದುಬಿದ್ದು ನಕ್ಕರು. ಅಷ್ಟಕ್ಕೆ ನಿಲ್ಲಿಸಿ, ಮುಂದಿನದು ನಾಳೆ ಅಂದ. ಮರುದಿನ ಒಬ್ಬನೂ ತಪ್ಪಿಸಲಿಲ್ಲ. ಮುಷ್ಕರ ಹನ್ನೊಂದು ದಿನ ನಡೆಯಿತು, ಕಾದಂಬರಿಯೂ ಅಷ್ಟೇ ದಿನ ನಡೆಯಿತು. ಕೂಲಿ ಏರಿತು.

ಅಂದಿನಿಂದ ಅವನಿಗೆ ಅದೇ ಊಟ. ಹುಬ್ಬಳ್ಳಿಯ ಟಾಕೀಜಿನಲ್ಲಿ ಹೊಡೆದಾಟದ ಪಿಚ್ಚರು ಬಂದರೆ ಮೊದಲ ವಾರದೊಳಗೆ ನೋಡಬೇಕು. ಈಗ ಮೊಬೈಲಿನಲ್ಲಿ ತೆಲುಗು, ಮಲಯಾಳ ಪಿಚ್ಚರುಗಳನ್ನೂ ಕನ್ನಡ ದನಿ ಹಾಕಿದ್ದು ಸಿಕ್ಕರೆ ನೋಡುತ್ತಾನೆ. ಆದರೆ ಬರೀ ಹೊಡೆದಾಟ ಅವನಿಗೆ ಸೇರುವುದಿಲ್ಲ. ಬರೀ ಕಾಮಿಡಿಯೂ ಬೇಡ. ಎರಡೂ ಕೂಡಬೇಕು. ಕುತ್ತಿಗೆಗೆ ಚಾಕು ಹಿಡಿದವನಿಗೆ ಅದೇ ಹೊತ್ತಿಗೆ ಆಕ್ಷೀ ಎಂದು ಸೀನು ಬರಬೇಕು. ಬೆನ್ನಟ್ಟುವ ಪೊಲೀಸನ ಚಪ್ಪಲಿ ಕಿತ್ತುಹೋಗಬೇಕು, ಅವನು ಅದನ್ನು ಕೈಯಲ್ಲಿ ಹಿಡಿದೇ ಓಡಬೇಕು. “ಎದಿ ಡವಡವ ಅನ್ನಾಕತ್ತಿರಬೇಕು, ಅದರಾಗ ನಗೀನೂ ಬರಬೇಕು. ಅಂಜಿಕಿ ಇದ್ದಲ್ಲೇ ನಗಬೇಕೋ, ಇಲ್ಲಂದ್ರ ಆ ನಗೀಗೆ ಏನ ಕಿಮ್ಮತ್ತು” ಎಂದು ತಂಡದ ಹುಡುಗ ರಿಯಾಜನಿಗೆ ಪಾಠ ಹೇಳುತ್ತಿದ್ದ. ಮಧ್ಯಾಹ್ನ ರೊಟ್ಟಿ ಬಿಚ್ಚಿದ ಮೇಲೆ ತಂಡಕ್ಕೆಲ್ಲ ಕತೆ ಹೇಳುವುದು ಅವನದೇ ಪಾಳಿ.

ಟ್ರಂಕಿನ ಪುಸ್ತಕಗಳಿಗೆಲ್ಲ ಅವನು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದ. ನಗು ಬಂದ ಸಾಲಿಗೆ ಗೆರೆ. ಕೆಲವು ಕಡೆ ಬದಿಯಲ್ಲಿ ತನ್ನದೊಂದು ಮಾತು.

ಆ ಟ್ರಂಕು ಈಗ ಸ್ಟೇಶನ್ನಿನ ನೆಲದ ಮೇಲಿತ್ತು. ಜೀಪಿನವರು ಅವನ ಜೊತೆಗೇ ಅದನ್ನೂ ಎತ್ತಿಕೊಂಡು ಬಂದಿದ್ದರು. ಹೆಂಡತಿ ಕಾವೇರಿ ಬಾಗಿಲಿಗೆ ಅಡ್ಡ ನಿಂತು, ಪುಸ್ತಕ ಒಯ್ಯುವುದಾದರೆ ಲೆಕ್ಕ ಬರೆದುಕೊಡಿ ಎಂದು ಜಗ್ಗಾಡಿದ್ದಳು. ಯಾರೂ ಬರೆದುಕೊಟ್ಟಿರಲಿಲ್ಲ.

ಪಿಎಸ್‌ಐ ಒಂದು ಪುಸ್ತಕ ಎತ್ತಿ, ಕಿವಿ ಮಡಚಿದ ಪುಟ ತೆಗೆದು ಓದಿದ. ಬುಕ್ಕಿನ ಕನ್ನಡ ಅವನ ಬಾಯಲ್ಲಿ ಪಂಚನಾಮೆಯ ಹಾಗೆ ಕೇಳಿಸಿತು.

“‘ಹೆಣ ಐವತ್ತು ಕಿಲೋ ಚೀಲದಲ್ಲಿ ಹಿಡಿಸಲಿಲ್ಲ. ದೊಡ್ಡದು ಕೇಳಲು ಹೋದರೆ ಅಂಗಡಿಯವನು, ಬಿಲ್ಲು ಯಾರ ಹೆಸರಿಗೆ ಮಾಡಲಿ ಎಂದ.’ ಇದರ ಕೆಳಗೆ ಗೆರೆ ಎಳೆದೋನು ನೀನೇನಾ?”

“ಹೌದ್ರಿ. ನಗಿ ಬಂತ್ರಿ.”

“ನಗು. ಪಕ್ಕದಲ್ಲಿ ಏನು ಬರೆದಿದ್ದೀಯಾ? ನೀನೇ ಓದು.”

ಪುಸ್ತಕ ಮುಂದೆ ಬಂತು. ದುರಗಪ್ಪ ತನ್ನ ಅಕ್ಷರ ನೋಡಿದ.

“ಓದು.”

“‘ಖರೇ. ಐವತ್ತರಾಗ ಹಿಡಸೂದಿಲ್ಲ. ಮಣಕಾಲ ಮಡಚಬೇಕಾಗತೈತಿ.’”

ಹನಮೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪಿಎಸ್‌ಐ ಮೇಜಿನ ಮೇಲೆ ಮುಂದಕ್ಕೆ ಬಾಗಿ, ಮೆಲ್ಲಗೆ ಕೇಳಿದ, ಹಿಡಿಸಲ್ಲ ಅನ್ನೋದು ನಿನಗೆ ಹೇಗೆ ಗೊತ್ತು?

ಗೊತ್ತಿಲ್ಲದೆ ಏನು, ಮೂವತ್ತು ವರ್ಷ ಚೀಲ ಹೊತ್ತ ಬೆನ್ನಿಗೆ ಯಾವ ಚೀಲದಲ್ಲಿ ಏನು ಹಿಡಿಸುತ್ತದೆ ಎಂಬ ಅಂದಾಜು ಇದ್ದೇ ಇರುತ್ತದೆ. ಆದರೆ ಅದನ್ನು ಈಗ ಈ ಮನುಷ್ಯನೆದುರು ಹೇಗೆ ಹೇಳುವುದು? ಇದೇ ಪ್ರಸಂಗ ಪುಸ್ತಕದಲ್ಲಿ ಬಂದಿದ್ದರೆ ತಾನು ಎರಡು ಗೆರೆ ಎಳೆಯುತ್ತಿದ್ದೆ ಎಂದು ದುರಗಪ್ಪನಿಗೆ ಅನಿಸಿತು. ಇಲ್ಲಿ ಮಾತ್ರ ನಗುವ ಜಾಗ ಎಲ್ಲಿಯೂ ಕಾಣಲಿಲ್ಲ.

“ಸಾಹೇಬ್ರ, ಯಾರ್ಡಿಗೆ ಹೋಗೂಣ ನಡೀರಿ. ನನ್ನ ಮಾತ ನಂಬಬ್ಯಾಡ್ರಿ, ನಿಮ್ಮ ಕಣ್ಣಲೆ ನೋಡ್ರಿ” ಅಂದ.

ಹೋದರು. ಜನವರಿಯ ಹಂಗಾಮು, ಯಾರ್ಡಿನ ತುಂಬ ಕೆಂಪು. ಜೀಪಿನಿಂದ ಇಳಿದ ಕೂಡಲೇ ಘಾಟು ಹತ್ತಿ ಪಿಎಸ್‌ಐ ಏಳೆಂಟು ಸಲ ಸೀನಿದ. ದುರಗಪ್ಪ ಅತ್ತ ಲಕ್ಷ್ಯ ಕೊಡಲಿಲ್ಲ. ಅವನ ಕಣ್ಣು ಮೂರನೇ ಶೆಡ್ಡಿನ ಕಂಬದ ಹತ್ತಿರ ಇತ್ತು. ಹುಲಗಪ್ಪನ ಇಪ್ಪತ್ತೆರಡು ಚೀಲ ಇದ್ದದ್ದು ಅಲ್ಲೇ. ಈಗ ಬರಿ ನೆಲ.

ಮಾಲು ಮಂಗಳವಾರವೇ ಟೆಂಡರಿನಲ್ಲಿ ಹೋಗಿತ್ತು, ಬುಧವಾರ ಲಾರಿ ಹತ್ತಿತ್ತು. ಲೋಡು ಮಾಡಿಸಿದವನು ತಾನೇ. ಗಾಬರಿಯಲ್ಲಿ ಅದೂ ಮರೆತಿತ್ತು.

“ಎಲ್ಲಿ ನಿನ್ನ ಹುಲಗಪ್ಪ?” ಅಂದ ಪಿಎಸ್‌ಐ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು.

“ಹ್ವಾದ್ರಿ.”

ಆ ಮಾತು ಬಾಯಿಂದ ಬಿದ್ದ ಮೇಲೆ ಅದೆಂಥ ಮಾತೆಂದು ಗೊತ್ತಾಯಿತು.

ಪೊಲೀಸರನ್ನು ನೋಡಿ ತಂಡದವರು ಒಂದು ಕಡೆ ಗುಂಪಾಗಿದ್ದರು. ಪಿಎಸ್‌ಐ ರಿಯಾಜನನ್ನು ಕರೆದು, ಹುಲಗಪ್ಪನ್ನ ಕೊಯ್ದವನು ನೀನೇನಾ ಎಂದು ಕೇಳಿದ. ಇಪ್ಪತ್ನಾಲ್ಕು ವರ್ಷದ, ಎರಡು ಚೀಲ ಒಟ್ಟಿಗೇ ಹೊರುವ ಹುಡುಗ, ಒಂದು ಹೆಜ್ಜೆ ಹಿಂದೆ ಸರಿದ. ಇಲ್ರಿ, ನಾವು ಯಾರನ್ನೂ ಕೊಯ್ದಿಲ್ಲ, ನಾನು ಸೋಮವಾರದಿಂದ ಯಾರ್ಡಿಗೇ ಬಂದಿಲ್ಲ ಅಂದ.

ಅವನದೇ ದನಿ ಪಿಎಸ್‌ಐಯ ಕಿಸೆಯಲ್ಲಿದೆ. ದುರಗಪ್ಪನಿಗೆ ತಾನು ಓದಿದ ಪುಸ್ತಕಗಳೆಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ತಪ್ಪಿಲ್ಲದವ ಸುಳ್ಳು ಹೇಳಿ ಸಿಕ್ಕಿಬೀಳುವುದು, ಪ್ರತಿ ಮೂರನೇ ಪುಸ್ತಕದಲ್ಲಿ ಅದೇ.

“ಏ ರಿಯಾಜ, ಖರೇ ಹೇಳಲೇ. ಕೊಯ್ದೇನಿ ಅನ್ನು.”

“ನೀ ಸುಮ್ನಿರು ಕಾಕಾ, ಇವರು ಹೊಡೀತಾರ.”

“ಸುಳ್ಳ ಹೇಳಿದ್ರ ಹೆಚ್ಚ ಹೊಡೀತಾರ.”

ಏಕನಾಥ ರಿಯಾಜನ ತೋಳು ಹಿಡಿದ. ಗುಂಪಿನಲ್ಲಿ ಗುಜುಗುಜು ಎದ್ದಿತು. ಇನ್ನೇನು ಅವನನ್ನೂ ಜೀಪಿಗೆ ಹತ್ತಿಸಬೇಕು, ಅಷ್ಟರಲ್ಲಿ ಕಾಯಿ ಆರಿಸುತ್ತ ಕೂತಿದ್ದ ಮಾಳವ್ವ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಅರವತ್ತು ದಾಟಿದ ಹೆಂಗಸು. ಬೆರಳೆಲ್ಲ ಕೆಂಪು. ಸೆರಗು ಝಾಡಿಸುತ್ತ ಬಂದು, ಪಿಎಸ್‌ಐಯ ಮುಂದೆ ನಿಂತಳು.

“ಹುಡುಗನ್ನ ಬಿಡ್ರಿ ಸಾಹೇಬ್ರ. ಹುಲಗಪ್ಪನ್ನ ಕೊಯ್ದಾವ ಅಂವನ. ಆದ್ರ ಆರಿಸಿದಾಕಿ ನಾನು. ಎರಡ ತಾಸ ಕುಂತ ತೊಟ್ಟ ಬಿಡಿಸೇನಿ.”

“ಯಾರಿಗಮ್ಮಾ?”

“ಹುಲಗಪ್ಪಗರಿ. ಉಳದದ್ದ ಒಂದ ಹಿಡಿ ಮನಿಗೂ ಒಯ್ದಿದ್ದೆ. ನಿನ್ನೆ ಸಾರಿಗೆ ಹಾಕಿದ್ನಿರಿ. ಖಾರ ಇಲ್ಲ, ಬಣ್ಣ ಮಾತ್ರ ಛಲೋ ಬಿಟ್ಟಾನ.”

ಮೊದಲು ಏಕನಾಥನ ಗಂಟಲಿನಿಂದ ಒಂದು ಸಪ್ಪಳ ಬಂತು. ತಡೆಯಲು ನೋಡಿದ, ಆಗಲಿಲ್ಲ. ರಿಯಾಜನ ತೋಳು ಬಿಟ್ಟು ಕಂಬಕ್ಕೆ ಕೈಕೊಟ್ಟು ನಕ್ಕ. ಮಾಳವ್ವ ಯಾಕೆ ನಗುತ್ತಾನೆಂದು ತಿಳಿಯದೆ, ಬೇಕಿದ್ದರೆ ನೋಡಿ ಎಂದು ತನ್ನ ಕೆಂಪು ಬೆರಳು ಮುಂದೆ ಹಿಡಿದಳು. ಪಿಎಸ್‌ಐ ಆ ಬೆರಳನ್ನು, ಸುತ್ತಲಿನ ಚೀಲಗಳನ್ನು, ಚೀಲಗಳ ಮೇಲೆ ನೀಲಿ ಶಾಯಿಯಲ್ಲಿ ಬರೆದ ಹೆಸರುಗಳನ್ನು ಒಂದೊಂದಾಗಿ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದರಿಂದ ಖುಷಿಯಾಗಲಿಲ್ಲ.

“ಸರಿ. ಚೀಲ ಎಲ್ಲಿ ಹೋಯ್ತು ಗೊತ್ತಾಯ್ತು. ಮನುಷ್ಯ ಎಲ್ಲಿ ಹೋದ?”

ನಗು ಅಲ್ಲಿಗೇ ನಿಂತಿತು. ಹನಮೇಶ ಜೀಪಿನ ಹತ್ತಿರವೇ ನಿಂತಿದ್ದ, ಅವನು ನಕ್ಕಿರಲಿಲ್ಲ.

ದುರಗಪ್ಪ ಸೋಮವಾರದ ಜಗಳ ನೆನಪು ಮಾಡಿಕೊಂಡ. ಹುಲಗಪ್ಪ ತನ್ನ ಮಾಲು ಮೊದಲು ಕೊಯ್ಯಬೇಕೆಂದು ಹಟ ಹಿಡಿದಿದ್ದ, ಎಲ್ಲಿಗೋ ಹೋಗುವುದಿದೆ ಎಂದಿದ್ದ. ಎಲ್ಲಿಗೆ ಎಂಬುದು ದುರಗಪ್ಪನ ತಲೆಯಲ್ಲಿ ಇಳಿದಿರಲಿಲ್ಲ, ಪಾಳಿ ಬಿಟ್ಟು ಕೊಯ್ಯುವುದಿಲ್ಲ ಎಂದು ತಾನೂ ಒದರಾಡುತ್ತಿದ್ದ. ಸಂಜೆ ಸಿಟ್ಟಿಳಿದು, ಹೋಗಲಿ ಹಳೇ ಮನುಷ್ಯ ಎಂದು ರಿಯಾಜನಿಗೆ ಆ ಸಂದೇಶ ಕಳಿಸಿದ್ದ. ಸರಿ, ಹುಲಗಪ್ಪ ಎಲ್ಲಿಗೋ ಹೋದ. ಮಾಲು ಇಲ್ಲಿ ಬಿಟ್ಟು ಹೋದ. ರೈತ ಮಾಲು ಬಿಟ್ಟು ಹೋದರೆ ಮುಂದೇನು ಮಾಡುತ್ತಾನೆ?

ದರ ಕೇಳುತ್ತಾನೆ. ಆಸ್ಪತ್ರೆಯ ಖಾಟಿನ ಮೇಲೆ ಮಲಗಿದ್ದರೂ ಕೇಳುತ್ತಾನೆ. ಮೂವತ್ತು ವರ್ಷದಲ್ಲಿ ದರ ಕೇಳದ ಒಬ್ಬ ರೈತನನ್ನೂ ದುರಗಪ್ಪ ನೋಡಿರಲಿಲ್ಲ.

ಅವನು ಪೊಲೀಸರನ್ನು ಬಿಟ್ಟು ಸೀದಾ ದಲಾಲಿ ಅಂಗಡಿಯ ಕಡೆ ನಡೆದ. ಏಕನಾಥ ಓಡಿಬಂದು ಅಂಗಿ ಹಿಡಿದ. ಅವನನ್ನು ಎಳೆದುಕೊಂಡೇ ಹೋದ. ಒಳಗೆ ಗುಮಾಸ್ತ ಶಶಿಕಾಂತ ಕೂತಿದ್ದ.

“ಶಶಿಕಾಂತಣ್ಣಾ, ಹುಲಗಪ್ಪನ ದರ ಯಾರರ ಕೇಳ್ಯಾರನು?”

ಶಶಿಕಾಂತ ಪೊಲೀಸರ ಮುಖ ನೋಡಿದ. ಇವರು ನಿನ್ನೆಯೇ ಬಂದು ಹುಲಗಪ್ಪ ಫೋನು ಮಾಡಿದ್ದನೇ ಎಂದು ಕೇಳಿದ್ದರು, ಅವನು ಇಲ್ಲ ಎಂದಿದ್ದ. ಮಾಡಿರಲಿಲ್ಲ, ಅದು ಖರೇ. ಈಗಿನ ಪ್ರಶ್ನೆ ಬೇರೆ.

“ಕೇಳ್ಯಾರಲ್ಲ. ಮಂಗಳವಾರ ಸಂಜಿಕ ಒಬ್ಬಾಕಿ ಹೆಣ್ಮಗಳು ಫೋನ್ ಮಾಡಿದ್ಲು. ‘ನಮ್ಮ ತಮ್ಮ ಎಷ್ಟಕ್ಕ ಹ್ವಾದ’ ಅಂತ ಕೇಳಿದ್ಲು. ಹೇಳಿದೆ.”

ಪಿಎಸ್‌ಐ ಅಂಗಡಿಯ ಕಟ್ಟೆ ಹತ್ತಿ ಬಂದ. ಆ ನಂಬರು ತೆಗೆಸಿದ. ತನ್ನ ಫೋನಿನಿಂದಲೇ ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದ. ಹನಮೇಶ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಆರನೇ ರಿಂಗಿಗೆ ಒಂದು ಗಂಡು ದನಿ.

“ಯಾರ್ರೀ?”

ಹನಮೇಶ ಅಪ್ಪಾ ಅಂದ. ಚೌಕಟ್ಟು ಬಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟ.

ಹುಲಗಪ್ಪ ಬೈಲಹೊಂಗಲದಲ್ಲಿದ್ದ. ಅಕ್ಕ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ನೋಡಲು ಹೋದವನು ಅಲ್ಲೇ ಉಳಿದಿದ್ದ. ಮೊಬೈಲು ಬಸ್ಸಿನಲ್ಲಿ ಕಳೆದಿತ್ತು. ಮನೆಗೆ ಹೇಳದೆ ಹೋಗಿದ್ದೇಕೆ ಎಂದು ಪಿಎಸ್‌ಐ ಜಬರಿಸಿದರೆ, ಹೇಳೇ ಹೋಗಿದ್ದೇನೆ, ಸೊಸೆಗೆ ಹೇಳಿದ್ದೇನೆ ಎಂದು ಅವನೂ ಜಬರಿಸಿದ. ಸೊಸೆ ಮಿಕ್ಸರಿನಲ್ಲಿ ಶೇಂಗಾ ಹಿಂಡಿ ತಿರುವುತ್ತಿದ್ದಾಗ ಹೇಳಿದ್ದನೆಂದು ಆಮೇಲೆ ಗೊತ್ತಾಯಿತು. ಕಡೆಗೆ ಅವನು ಕೇಳಿದ್ದು ಇದು:

“ಅಲ್ರಿ ಸಾಹೇಬ್ರ, ನಾ ಹೋಗಿ ಮೂರ ದಿನಾ ಆತು. ನನ್ನ ಕೊಯ್ದಿದ್ದರಾಗ ಏನರ ತಕರಾರ ಬಂದೈತೇನು?”

ತಕರಾರು ಮುಗಿದಿರಲಿಲ್ಲ. ಎಲ್ಲರೂ ಮತ್ತೆ ಸ್ಟೇಶನ್ನಿಗೆ ಬಂದರು. ಹನಮೇಶ ದಾರಿಯುದ್ದಕ್ಕೂ ದುರಗಪ್ಪನ ಮುಖ ನೋಡಲಿಲ್ಲ. ಸ್ಟೇಶನ್ನಿನ ಮೆಟ್ಟಿಲಲ್ಲಿ ತಪ್ಪಾತು ಕಾಕಾ ಅಂದ. ಅಪ್ಪ ಕಾಣದಿದ್ದರೆ ನಾನಾದರೂ ಇದನ್ನೇ ಮಾಡುತ್ತಿದ್ದೆ, ಡ್ಯೂಟಿಗೆ ಹೋಗು ಎಂದು ದುರಗಪ್ಪ ಅವನನ್ನು ಕಳಿಸಿದ.

ಪಿಎಸ್‌ಐ ಹೇಳಿಕೆ ಬರೆಸಿದ. ಏಕನಾಥ ಬರೆದು ಮುಗಿಸಿ, ಸಹಿ ಮಾಡು ಎಂದು ಹಾಳೆ ಮುಂದೆ ತಳ್ಳಿದ. ಸಹಿ ಮಾಡಿ, ಟ್ರಂಕು ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ದುರಗಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದತೊಡಗಿದ. ಮುಷ್ಕರದ ಕಾಲದಲ್ಲಿ ಓದದೆ ಸಹಿ ಮಾಡಿದ ಮೂವರು ಕೆಲಸ ಕಳೆದುಕೊಂಡಿದ್ದನ್ನು ಅವನು ನೋಡಿದ್ದ. ನಾಲ್ಕನೇ ಸಾಲಿನಲ್ಲಿ ನಿಂತ.

‘ಸದರಿ ವ್ಯಕ್ತಿಗೆ ಕೊಲೆ, ಸುಲಿಗೆ ಮುಂತಾದ ಕಥೆಗಳನ್ನು ಓದುವ ಮತ್ತು ನೋಡುವ ದುಶ್ಚಟವಿದ್ದು, ಇನ್ನು ಮುಂದೆ ಹಾಗೆ ಮಾಡದಂತೆ ತಿಳಿವಳಿಕೆ ನೀಡಿ ಕಳಿಸಲಾಗಿದೆ.’

“ಇದನ್ನ ತಗೀರಿ” ಅಂದ.

ಅದೇನು ದೊಡ್ಡದಲ್ಲ, ಎಲ್ಲ ಹೇಳಿಕೆಯಲ್ಲೂ ಬರೆಯುತ್ತೇವೆ ಎಂದ ಪಿಎಸ್‌ಐ. ಅವನ ಕಣ್ಣು ಘಾಟಿಗೆ ಇನ್ನೂ ಕೆಂಪಗಿತ್ತು. ಸಹಿ ಮಾಡಿ ಹೊರಡು, ನನಗೂ ಕೆಲಸ ಇದೆ ಅಂದ.

“ನಾ ಕುಡಿಯೂದಿಲ್ಲ, ಇಸ್ಪೀಟ ಆಡೂದಿಲ್ಲ. ಪುಸ್ತಕ ಓದಿದ್ರ ಚಟಾ ಹೆಂಗಾಕ್ಕೈತ್ರಿ? ನಾಳಿ ಊರಾಗ ಎಲ್ಲೆರ ಹೆಣ ಬಿದ್ರ, ಈ ಹಾಳಿ ಹಿಡಕೊಂಡ ಮತ್ತ ನನ್ನ ಮನಿಗೇ ಬರ್ತೀರಿ.”

ಪಿಎಸ್‌ಐ ಪೆನ್ನು ಮುಂದೆ ತಳ್ಳಿದ. ಹಾಗೆ ಬರಲೆಂದೇ ಅಂಥ ಸಾಲು ಬರೆಯುವುದು.

ದುರಗಪ್ಪ ಬಾಕಿನ ಮೇಲೆ ಹೋಗಿ ಕೂತ. ಸಹಿ ಮಾಡದೆ ಹೊರಗೆ ಬಿಡುವುದಿಲ್ಲ ಎಂದರು. ಬಿಡಬೇಡಿ, ಕೂತಿರುತ್ತೇನೆ ಎಂದ. ಕೂತು ಗೊತ್ತಿದ್ದ ಮನುಷ್ಯ. ಒಂದೂವರೆ ತಾಸು ಹೋಯಿತು. ಹೊರಗೆ ಕಾವೇರಿ, ಮಾಳವ್ವ ಮತ್ತು ಮಧ್ಯಾಹ್ನದ ಲೋಡು ಬಿಟ್ಟು ಬಂದ ಎಂಟು ಜನ ಹಮಾಲರು ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಯಾರೂ ಕೂಗಲಿಲ್ಲ. ಬಂದುಹೋಗುವವರು ಏನಾಯಿತೆಂದು ನಿಂತು ಕೇಳುತ್ತಿದ್ದರು, ಮಾಳವ್ವ ಪ್ರತಿಯೊಬ್ಬರಿಗೂ ಹುಲಗಪ್ಪನ್ನ ಸಾರಿಗೆ ಹಾಕಿದ್ದರಿಂದ ಹಿಡಿದು ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಆ ನಗು ಒಳಗೆ ಪಿಎಸ್‌ಐಯ ಮೇಜಿನವರೆಗೂ ಕೇಳಿಸುತ್ತಿತ್ತು.

ನಾಲ್ಕನೇ ಗುಂಪು ನಕ್ಕಾಗ ಪಿಎಸ್‌ಐ ಬಾಗಿಲ ಕಡೆ ನೋಡಿ, ಅದೇನು ಬೇಕೋ ತಿದ್ದಿಕೊಡು ಎಂದು ಏಕನಾಥನಿಗೆ ಹೇಳಿ ಒಳಕೋಣೆಗೆ ಹೋದ. ಏಕನಾಥ ದುಶ್ಚಟ ಹೊಡೆದು ಹಾಕಿ ಹವ್ಯಾಸ ಎಂದು ಬರೆದ. ದುರಗಪ್ಪ ಅದೂ ಬೇಡ ಅಂದ. ತಿಳಿವಳಿಕೆ ನೀಡಿದ ಮಾತೂ ಬೇಡ, ಹೊಡೆದು ಹಾಕಿದ ಹಾಳೆಯೂ ಬೇಡ, ಹೊಸ ಹಾಳೆ ತೆಗೆದುಕೋ ಅಂದ. ಏಕನಾಥ ಹಲ್ಲು ಕಚ್ಚಿಕೊಂಡು ಮೊದಲಿನಿಂದ ಬರೆದ. ಈ ಸಲ ನಾಲ್ಕನೇ ಸಾಲು, ‘ಸದರಿ ವ್ಯಕ್ತಿಯು ಪುಸ್ತಕ ಓದುತ್ತಾನೆ’ ಎಂದಷ್ಟೇ ಇತ್ತು.

ದುರಗಪ್ಪ ಎರಡು ಸಲ ಓದಿ, ಸಹಿ ಮಾಡಿದ.